ನನಗೆ ಆ ಮಾತ್ರೆ ಆಗಿಬರಲ್ಲ: ಔಷಧಿ, ಮೈ ಮತ್ತು ಜೀನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಮಲ್ಲೇಶ್ವರದಲ್ಲಿ. ಬೆಳಗ್ಗೆ ಸ್ಯಾಂಕಿ ಕೆರೆ ಸುತ್ತ ನಡೆಯುವಾಗ, ಮದುವೆ ಮನೆಯ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ, ಬದಲಾಯಿಸಬೇಡಿ. ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇದು ನೆರವಾದರೆ ಸಾಕು.

ಮಾತ್ರೆ ನುಂಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಹೊಟ್ಟೆಯಲ್ಲಿ ಕರಗುತ್ತದೆ. ಸಣ್ಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಕರುಳಿನಿಂದ ಹೊರಟ ರಕ್ತ ನೇರವಾಗಿ ಇಡೀ ಮೈಗೆ ಹೋಗುವುದಿಲ್ಲ. ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಅಲ್ಲೇ ಒಂದಷ್ಟು ಔಷಧಿಯನ್ನು ಒಡೆದು ಹಾಕುತ್ತದೆ. ಉಳಿದದ್ದು ಮೈತುಂಬ ಹರಡುತ್ತದೆ, ಕೆಲಸ ಮಾಡುತ್ತದೆ. ಸುತ್ತಿ ಸುತ್ತಿ ಮತ್ತೆ ಲಿವರ್‌ಗೆ ಬಂದಾಗ ಇನ್ನಷ್ಟು ಒಡೆಯುತ್ತದೆ. ಕೊನೆಗೆ ಕಿಡ್ನಿಯ ಮೂಲಕ ಮೂತ್ರದಲ್ಲೋ, ಪಿತ್ತದ ಜೊತೆ ಮಲದಲ್ಲೋ ಹೊರಗೆ ಹೋಗುತ್ತದೆ.

ಎದೆನೋವು ಬಂದಾಗ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ನುಂಗಿದರೆ ಲಿವರ್ ಅದರ ಬಹುಪಾಲನ್ನು ಮೊದಲ ಸುತ್ತಿನಲ್ಲೇ ಒಡೆದುಬಿಡುತ್ತದೆ. ನಾಲಿಗೆ ಕೆಳಗಿನ ರಕ್ತನಾಳ ಲಿವರ್ ದಾರಿ ಹಿಡಿಯದೆ ಹೃದಯದ ಕಡೆಗೇ ಹೋಗುತ್ತದೆ. ಅದಕ್ಕೇ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ.

ತಲೆನೋವಿನ ಮಾತ್ರೆಗೆ ನೋವು ತಲೆಯಲ್ಲೇ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ಅದು ಇಡೀ ಮೈಗೆ ಹೋಗುತ್ತದೆ. ಜೀವಕೋಶಗಳ ಮೇಲೆ ರಿಸೆಪ್ಟರ್ ಅನ್ನುವ ಪ್ರೋಟೀನುಗಳಿವೆ. ಬೀಗ ಅಂದುಕೊಳ್ಳಿ. ಔಷಧಿ ಕೀಲಿ. ಆಸ್ತಮಾದವರ ಸಾಲ್ಬುಟಮಾಲ್ ಶ್ವಾಸನಾಳದ ಬೀಗವನ್ನು ತೆರೆಯುವ ಕೀಲಿ. ಬಿಪಿಗೆ ಕೊಡುವ ಪ್ರೊಪ್ರನಲಾಲ್ ಅದೇ ಬೀಗಕ್ಕೆ ಹೊಕ್ಕು, ತಿರುಗದೆ ಸುಮ್ನೆ ಕೂತುಬಿಡುವ ಕೀಲಿ. ಅದು ಕೂತಿರುವಾಗ ಸರಿಯಾದ ಕೀಲಿಗೂ ಜಾಗ ಇರುವುದಿಲ್ಲ. ಆಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಕೊಡಬಾರದು ಅನ್ನುವುದು ಈ ಕಾರಣಕ್ಕೆ.

ಕೆಲವು ಔಷಧಿಗಳು ರಿಸೆಪ್ಟರ್ ಬದಲು ಎನ್‌ಜೈಮ್‌ಗಳನ್ನು, ಅಂದರೆ ಮೈಯೊಳಗಿನ ರಾಸಾಯನಿಕ ಕೆಲಸ ಮಾಡುವ ಪ್ರೋಟೀನುಗಳನ್ನು, ತಡೆಯುತ್ತವೆ. ಸೈಡ್ ಎಫೆಕ್ಟ್ ಅನ್ನುವುದು ಎಷ್ಟೋ ಸಲ ಅದೇ ಔಷಧಿ ನಮಗೆ ಬೇಡದ ಜಾಗದಲ್ಲಿ ಮಾಡುವ ಅದೇ ಕೆಲಸ.

ಥೈರಾಯ್ಡ್ ಮಾತ್ರೆ ತಗೊಂಡು ಕಾಫಿ ಕುಡಿದರೆ ಏನಾಗುತ್ತದೆ?

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಅಮ್ಮ ಬೆಳಗ್ಗೆ ಐದೂವರೆಗೆ ಏಳುತ್ತಾರೆ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಥೈರಾಯ್ಡ್ ಮಾತ್ರೆ ಬಾಯಿಗೆ, ಅದರ ಹಿಂದೆಯೇ ಫಿಲ್ಟರ್ ಕಾಫಿ. ತಿಂಡಿಯ ಜೊತೆ ಕ್ಯಾಲ್ಸಿಯಂ ಮಾತ್ರೆ. ಥೈರಾಯ್ಡ್ ಸಾಲದಿದ್ದಾಗ ಹೆಚ್ಚುವ ಟಿಎಸ್‌ಎಚ್ ಏರುತ್ತಲೇ ಇತ್ತು, ಡೋಸ್ ಹೆಚ್ಚಿಸುತ್ತಲೇ ಇದ್ದರು. ಪಾಠ ಮಾಡುವ ನನಗೂ ಆರು ತಿಂಗಳು ಹೊಳೆಯಲಿಲ್ಲ. ಈ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಕಾಫಿ ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಂತೂ ಅದನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಳ್ಳಿ. ಕಾಫಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ನಾಲ್ಕು ಗಂಟೆ ಅಂತರ ಇರಲಿ. ಈಗ ಅಮ್ಮ ಮಾತ್ರೆ ನುಂಗಿದ ಮೇಲೆ ರಂಗೋಲಿ, ಸ್ನಾನ, ಪೂಜೆ ಮುಗಿಸಿ ಕಾಫಿ ಕುಡಿಯುತ್ತಾರೆ. ಡೋಸ್ ಮತ್ತೆ ಇಳಿಯಿತು.

ಒಂದು ಮಾತ್ರೆ ದಿನಕ್ಕೆ ಮೂರು ಸಲ, ಇನ್ನೊಂದು ಒಂದೇ ಸಲ. ಯಾಕೆ?

ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯವನ್ನು ಅರ್ಧಾಯು ಅನ್ನುತ್ತಾರೆ. ಪ್ಯಾರಾಸಿಟಮಾಲ್‌ಗೆ ಅದು ಸುಮಾರು 2ರಿಂದ 3 ಗಂಟೆ. ಬಿಪಿಯ ಆಮ್ಲೋಡಿಪಿನ್‌ಗೆ 30ರಿಂದ 50 ಗಂಟೆ. ಥೈರಾಯ್ಡ್ ಮಾತ್ರೆಗೆ ಸುಮಾರು 7 ದಿನ.

ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ದಿನಾ ಮಾತ್ರೆ ತಗೊಂಡರೆ ರಕ್ತದಲ್ಲಿ ಅದರ ಮಟ್ಟ ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ಹಾಗೆ ನಿಲ್ಲಲು ಸುಮಾರು ಐದು ಅರ್ಧಾಯು ಬೇಕು. ಥೈರಾಯ್ಡ್ ಮಾತ್ರೆಗೆ ಏಳೈದಲಿ 35 ದಿನ. ಡೋಸ್ ಬದಲಾಯಿಸಿದ ಮೇಲೆ ಡಾಕ್ಟರು ಆರು ವಾರ ಬಿಟ್ಟು ಟೆಸ್ಟ್ ಮಾಡಿಸಿ ಅನ್ನುವುದು ಸುಮ್ನೆ ಅಲ್ಲ. ಒಂದೇ ವಾರಕ್ಕೆ ಮಾಡಿಸಿದರೆ ದುಡ್ಡು ದಂಡ. ಒಂದು ದಿನ ಥೈರಾಯ್ಡ್ ಮಾತ್ರೆ ಮರೆತರೆ ಗಾಬರಿ ಬೇಡ ಅನ್ನುವುದೂ ಇದೇ ಲೆಕ್ಕದಿಂದ.

ಡೋಸ್ ಸ್ವಲ್ಪ ಜಾಸ್ತಿಯಾದರೆ ಸೈಡ್ ಎಫೆಕ್ಟೂ ಸ್ವಲ್ಪವೇ ಜಾಸ್ತಿ ಆಗುತ್ತದೆ ಅಲ್ವಾ?

ಬಹಳಷ್ಟು ಔಷಧಿಗಳಲ್ಲಿ ಹಾಗೆಯೇ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಲ್ಲಿ ಹಾಗಿಲ್ಲ. ದರ್ಶಿನಿಯಲ್ಲಿ ದೋಸೆ ಕಾವಲಿ ನೋಡಿ. ಹತ್ತು ಜನ ನಿಂತಿದ್ದರೂ ಐವತ್ತು ಜನ ನಿಂತಿದ್ದರೂ ಕಾವಲಿಯಿಂದ ಏಳುವ ದೋಸೆ ಅಷ್ಟೇ. ಫೆನಿಟಾಯಿನ್ ಒಡೆಯುವ ಎನ್‌ಜೈಮ್ ಹೀಗೆ ಬೇಗ ತುಂಬಿಹೋಗುತ್ತದೆ. ಆಮೇಲೆ ಡೋಸ್ ಅನ್ನು 300 ಮಿಲಿಗ್ರಾಂನಿಂದ 400ಕ್ಕೆ ಏರಿಸಿದರೂ ರಕ್ತದಲ್ಲಿ ಅದು ದುಪ್ಪಟ್ಟಾಗಬಹುದು. ರೋಗಿ ತೂರಾಡುತ್ತಾರೆ, ಕಣ್ಣಾಲಿ ಅದುರುತ್ತದೆ. ಕುಡಿದಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಇದಕ್ಕೇ ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವ ಟೆಸ್ಟ್ ಇದೆ.

ಜ್ವರಕ್ಕೆ ಡೋಲೋ ಎಷ್ಟು ತಗೊಳ್ಳಬಹುದು?

ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೇಲಿನ ಗಡಿ. 650ರ ಮಾತ್ರೆಯಾದರೆ ಆರಕ್ಕೇ ಆ ಗಡಿ ಮುಟ್ಟುತ್ತದೆ. ವಯಸ್ಸಾದವರಿಗೆ, ಲಿವರ್ ತೊಂದರೆ ಇದ್ದವರಿಗೆ, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ. ಜನ ಎಡವುವುದು ಎಲ್ಲಿ ಗೊತ್ತಾ? ಡೋಲೋ ಜೊತೆ ನೆಗಡಿಯ ಮಾತ್ರೆ, ಮೈಕೈ ನೋವಿನ ಮಾತ್ರೆ ಸೇರಿಸಿ ನುಂಗುತ್ತಾರೆ. ಅವುಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಡೆಂಗ್ಯೂ ಜಾಸ್ತಿ. ಆ ಅನುಮಾನ ಇರುವಾಗ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಅದೇ ಕಾಯಿಲೆ, ಅದೇ ಮಾತ್ರೆ. ನಮ್ಮ ಅಕ್ಕನಿಗೆ ಆಗಿಬಂತು, ನನಗೆ ಆಗಿಬರಲಿಲ್ಲ. ಯಾಕೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. "ಆಗಿಬರಲ್ಲ", "ಮೈಗೆ ಒಗ್ಗಲ್ಲ" ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಔಷಧಿ ನಾಟಿದರೆ ಡಾಕ್ಟರ ಕೈಗುಣ ಚೆನ್ನಾಗಿದೆ ಅನ್ನುತ್ತಿದ್ದರು. ಗುಣ ಡಾಕ್ಟರ ಕೈಯಲ್ಲಿ ಇರುವಷ್ಟೇ ರೋಗಿಯ ಮೈಯಲ್ಲೂ ಇದೆ.

ವಯಸ್ಸು, ತೂಕ, ಕಿಡ್ನಿ ಮತ್ತು ಲಿವರ್ ಹೇಗಿದೆ, ಜೊತೆಗೆ ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಬೀಡಿ ಸಿಗರೇಟು ಉಂಟಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬೀಡಿಯ ಹೊಗೆ ಲಿವರ್‌ನ ಒಂದು ಎನ್‌ಜೈಮನ್ನು ಹೆಚ್ಚಿಸುತ್ತದೆ. ಮನೋರೋಗಕ್ಕೆ ಕ್ಲೋಜಪಿನ್ ತಗೊಳ್ಳುತ್ತಿರುವವರು ಆಸ್ಪತ್ರೆಗೆ ಸೇರಿ ಬೀಡಿ ಬಿಟ್ಟರೆ, ಅದೇ ಡೋಸ್‌ನಲ್ಲೇ ರಕ್ತದಲ್ಲಿ ಔಷಧಿ ಏರುತ್ತದೆ.

ಇನ್ನು ಜೀನ್. ಔಷಧಿ ಒಡೆಯುವ ಎನ್‌ಜೈಮನ್ನು ಹೇಗೆ ಕಟ್ಟಬೇಕು ಅನ್ನುವ ಬರಹ ಜೀನ್‌ನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಬರಹದಲ್ಲಿ ಒಂದಕ್ಷರ ಬದಲಾದರೂ ಎನ್‌ಜೈಮ್ ನಿಧಾನವಾಗಬಹುದು, ಕೆಲಸವನ್ನೇ ನಿಲ್ಲಿಸಬಹುದು. ಕೆಲವರಲ್ಲಿ ಜೀನ್‌ನ ಹೆಚ್ಚುವರಿ ಪ್ರತಿಗಳಿದ್ದು ಅತಿ ವೇಗವೂ ಆಗಬಹುದು. ಅಕ್ಕ ತಂಗಿಯರೇ ಆದರೂ ಅಪ್ಪ ಅಮ್ಮನ ಎರಡೆರಡು ಪ್ರತಿಗಳಲ್ಲಿ ಯಾವುದು ಯಾರಿಗೆ ಬಂತು ಅನ್ನುವುದು ಬೇರೆ ಬೇರೆ. ಈ ವಿದ್ಯೆಗೆ ಫಾರ್ಮಕೋಜೆನೆಟಿಕ್ಸ್ ಅನ್ನುವ ಹೆಸರನ್ನು 1959ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋಗೆಲ್ ಇಟ್ಟರು. ಹೆಸರು ಹೊಸದಿರಬಹುದು, ಅಜ್ಜಿಯ ಮಾತು ಹಳೆಯದು.

ಸ್ಟೆಂಟ್ ಹಾಕಿಸಿದ ಮೇಲೆ ಕೊಡುವ ಮಾತ್ರೆ ಕೆಲವರಲ್ಲಿ ಕೆಲಸ ಮಾಡುವುದಿಲ್ಲವಂತೆ, ನಿಜವಾ?

ಕ್ಲೋಪಿಡೋಗ್ರೆಲ್ ಬಗ್ಗೆ ಕೇಳುತ್ತಿದ್ದೀರಿ. ನಿಜ. ಈ ಮಾತ್ರೆ ನುಂಗಿದಾಗ ಅದು ಇನ್ನೂ ಔಷಧಿಯಾಗಿರುವುದಿಲ್ಲ, ಹಸಿ ಹಿಟ್ಟಿನ ಹಾಗೆ. ಲಿವರ್‌ನಲ್ಲಿ ಬೆಂದ ಮೇಲೆ ಅದಕ್ಕೆ ಶಕ್ತಿ ಬರುತ್ತದೆ. ಬೇಯಿಸುವ ಕೆಲಸದಲ್ಲಿ ದೊಡ್ಡ ಪಾಲು ಸಿವೈಪಿ2ಸಿ19 ಅನ್ನುವ ಎನ್‌ಜೈಮ್‌ನದು. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರೆ ಬಹುಪಾಲು ಹಿಟ್ಟಾಗಿಯೇ ಉಳಿಯುತ್ತದೆ. ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತಲೇ ಇರುತ್ತವೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಇದರ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಹಾಕಿಸಿತು. ಕೆಲಸ ಮಾಡದ ಈ ಪ್ರತಿ ಯುರೋಪಿನವರಿಗಿಂತ ಏಷ್ಯಾದವರಲ್ಲಿ ಜಾಸ್ತಿ, ನಮ್ಮಲ್ಲೂ ಸಾಮಾನ್ಯ. ಅಂಥವರಿಗೆ ಟಿಕಾಗ್ರೆಲರ್, ಪ್ರಾಸುಗ್ರೆಲ್ ಅನ್ನುವ ಬೇರೆ ಮಾತ್ರೆಗಳಿವೆ. ಅವು ಈ ಎನ್‌ಜೈಮನ್ನು ನೆಚ್ಚಿಕೊಂಡಿಲ್ಲ.

ನನ್ನ ವಿದ್ಯಾರ್ಥಿಗಳು ಕಣ್ಣರಳಿಸುವ ವಿಷಯ ಇನ್ನೊಂದಿದೆ. ಗ್ಯಾಸ್‌ಗೆ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ಒಡೆದು ಮುಗಿಸುವುದೂ ಇದೇ ಎನ್‌ಜೈಮ್. ಹಾಗಾಗಿ ಅದು ನಿಧಾನ ಇರುವವರಲ್ಲಿ ಗ್ಯಾಸ್ ಮಾತ್ರೆ ಹೆಚ್ಚು ಹೊತ್ತು ಉಳಿದು ಚೆನ್ನಾಗಿ ಕೆಲಸ ಮಾಡುತ್ತದೆ, ಹೃದಯದ ಮಾತ್ರೆ ಸರಿಯಾಗಿ ಮಾಡುವುದಿಲ್ಲ. ಒಂದೇ ಮೈ, ಒಂದೇ ಜೀನ್, ಎರಡು ಮಾತ್ರೆ, ತಿರುಗುಮುರುಗು ಫಲ. "ನನ್ನ ಲಿವರ್ ಸ್ಲೋ" ಅಂತ ಒಟ್ಟಾರೆ ಹೇಳುವುದಕ್ಕೆ ಆಗುವುದಿಲ್ಲ. ಯಾವ ಎನ್‌ಜೈಮ್, ಯಾವ ಔಷಧಿ ಅಂತಲೇ ಕೇಳಬೇಕು. ಒಮೆಪ್ರಜೋಲ್ ಈ ಎನ್‌ಜೈಮನ್ನು ತಡೆಯುತ್ತದೆ ಕೂಡ. ಅದಕ್ಕೇ ಕ್ಲೋಪಿಡೋಗ್ರೆಲ್ ಜೊತೆ ಡಾಕ್ಟರು ಹೆಚ್ಚಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ.

ಇಷ್ಟು ಓದಿ ಯಾರಾದರೂ ಕ್ಲೋಪಿಡೋಗ್ರೆಲ್ ನಿಲ್ಲಿಸಿಬಿಟ್ಟರೆ ಎಂಬ ಭಯ ನನಗಿದೆ. ದಯವಿಟ್ಟು ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಈ ಮಾತ್ರೆ ತಪ್ಪಿಸುವುದರಷ್ಟು ಅಪಾಯ ಬೇರೆ ಇಲ್ಲ.

ಅಸಿಟ್ರಾಮ್ ತಗೊಳ್ಳುವವರು ಸೊಪ್ಪು ತಿನ್ನಲೇಬಾರದಾ?

ತಿನ್ನಬಹುದು. ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಹೃದಯದ ಕವಾಟ ಬದಲಾಯಿಸಿದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಈ ಮಾತ್ರೆ ಕೊಡುತ್ತಾರೆ. ಇದು ವಿಟಮಿನ್ ಕೆ ಕೆಲಸವನ್ನು ತಡೆದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ. ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬ ಇದೆ. ತಿಂಗಳುಗಟ್ಟಲೆ ಸೊಪ್ಪು ಬಿಟ್ಟು, ಒಂದು ವಾರ ದಿನಾ ಬಸ್ಸಾರು ಮಾಡಿದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದರ ಅಳತೆ, ಕೆಳಗೆ ಬೀಳುತ್ತದೆ.

ಜೀನ್ ಪಾಠಕ್ಕೆ ಈ ಮಾತ್ರೆಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ಎರಡು ಜೀನ್ ಮುಖ್ಯ. ಸಿವೈಪಿ2ಸಿ9 ಔಷಧಿಯನ್ನು ಒಡೆಯುತ್ತದೆ. ಅದು ನಿಧಾನ ಇದ್ದರೆ ಔಷಧಿ ಮೈಯಲ್ಲಿ ಉಳಿಯುತ್ತದೆ. ವಿಕೆಒಆರ್‌ಸಿ1 ಅನ್ನುವುದು ಔಷಧಿ ಹೋಗಿ ತಾಗುವ ಗುರಿ. ಆ ಗುರಿ ಮೈಯಲ್ಲಿ ಕಡಿಮೆ ತಯಾರಾಗುತ್ತಿದ್ದರೆ ಸಣ್ಣ ಡೋಸೇ ಸಾಕು. ಮೈ ಔಷಧಿಗೆ ಏನು ಮಾಡುತ್ತದೆ ಅನ್ನುವುದು ಒಂದು, ಔಷಧಿ ಮೈಗೆ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಔಷಧಶಾಸ್ತ್ರದ ಎರಡು ಕಾಲುಗಳು ಇವೇ. ಅಕ್ಕಪಕ್ಕದ ಮಂಚದ ಇಬ್ಬರಿಗೆ ಒಬ್ಬರಿಗೆ ದಿನಕ್ಕೆ 1 ಮಿಲಿಗ್ರಾಂ, ಇನ್ನೊಬ್ಬರಿಗೆ 4 ಮಿಲಿಗ್ರಾಂ ಬೇಕಾಗುವುದು ಹೀಗೆ. ಆದರೂ ದಿನನಿತ್ಯದ ದಾರಿ ಐಎನ್‌ಆರ್ ಟೆಸ್ಟೇ. ಅದನ್ನು ತಪ್ಪಿಸಬೇಡಿ.

ಟಿಬಿ ಮಾತ್ರೆ ಜೊತೆ ವಿಟಮಿನ್ ಬಿ6 ಯಾಕೆ ಕೊಡುತ್ತಾರೆ?

ಐಸೋನಿಯಾಜಿಡ್ ಟಿಬಿಗೆ ಬಂದದ್ದು 1952ರಲ್ಲಿ. ಕೆಲವರಲ್ಲಿ ಅದು ಬೇಗ ಕರಗಿ ಹೋಗುತ್ತದೆ, ಕೆಲವರಲ್ಲಿ ತುಂಬ ಹೊತ್ತು ಉಳಿಯುತ್ತದೆ ಅನ್ನುವುದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಎನ್‌ಎಟಿ2 ಅನ್ನುವ ಜೀನ್ ಇದಕ್ಕೆ ಕಾರಣ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಧಾನದ ಗುಂಪಿನವರು. ಔಷಧಿ ಉಳಿದಷ್ಟೂ ಬಿ6 ಕೊರತೆಯಾಗಿ ಕೈಕಾಲು ಜೋಮು ಹಿಡಿಯುತ್ತದೆ, ಉರಿಯುತ್ತದೆ. ಬಿ6 ಅದನ್ನು ತಡೆಯುತ್ತದೆ. ಬೇಗ ಕರಗಿಸುವವರ ಕಥೆ ಬೇರೆ. ಮದ್ರಾಸಿನ ಟಿಬಿ ಸಂಶೋಧನಾ ಕೇಂದ್ರದವರು ವಾರಕ್ಕೊಮ್ಮೆ ಮಾತ್ರ ಔಷಧಿ ಕೊಟ್ಟು ನೋಡಿದಾಗ, ಇವರಲ್ಲಿ ಗುಣವಾಗುವುದು ಕಡಿಮೆಯಾಯಿತು. ಜೀನ್ ಟೆಸ್ಟ್ ಇಲ್ಲದ ಕಾಲದಲ್ಲಿ, ನಮ್ಮ ಪಕ್ಕದ ಊರಿನಲ್ಲೇ, ನಮ್ಮಂಥ ಜನರ ಮೇಲೇ ನಡೆದ ಕೆಲಸ ಅದು. ಓದುವಾಗ ಈಗಲೂ ಹೆಮ್ಮೆ ಅನ್ನಿಸುತ್ತದೆ.

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು "ನೀವು ಆರ್ಯವೈಶ್ಯರಾ?" ಅಂತ ಕೇಳಿದರು. ಬೇಜಾರಾಯಿತು. ಜಾತಿ ಯಾಕೆ ಬೇಕು?

ಬೇಜಾರಾಗುವುದು ಸಹಜ. ಆದರೆ ಅವರು ನಿಮ್ಮ ಒಳ್ಳೆಯದಕ್ಕೇ ಕೇಳಿದ್ದಾರೆ. ಉಸಿರಾಟದ ನಳಿಕೆ ಹಾಕುವಾಗ ಸ್ನಾಯು ಸಡಿಲ ಮಾಡಲು ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧಿ ಕೊಡುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಅದನ್ನು ಸ್ಕೋಲಿನ್ ಅನ್ನುತ್ತಾರೆ. ರಕ್ತದಲ್ಲಿರುವ ಒಂದು ಎನ್‌ಜೈಮ್ ಅದನ್ನು ಕೆಲವೇ ನಿಮಿಷದಲ್ಲಿ ಒಡೆಯುತ್ತದೆ. ಆ ಎನ್‌ಜೈಮ್ ಇಲ್ಲದವರಲ್ಲಿ ಅದರ ಪ್ರಭಾವ ಗಂಟೆಗಟ್ಟಲೆ ಇರುತ್ತದೆ. ಅಷ್ಟು ಹೊತ್ತೂ ಅವರು ತಾವಾಗಿ ಉಸಿರಾಡಲಾರರು, ವೆಂಟಿಲೇಟರ್ ಬೇಕು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಹೆಚ್ಚು. ಅದಕ್ಕೆ ಕಾರಣವಾದ ಜೀನ್ ಬದಲಾವಣೆಯ ವಿವರ 2006ರಲ್ಲಿ ಪ್ರಕಟವಾಯಿತು. ತಲೆತಲಾಂತರದಿಂದ ಒಳಗೊಳಗೇ ಮದುವೆಯಾದ ಯಾವ ಸಮುದಾಯದಲ್ಲೂ ಹೀಗೆ ಒಂದಲ್ಲ ಒಂದು ಜೀನ್ ಬದಲಾವಣೆ ಗಟ್ಟಿಯಾಗಿ ಉಳಿದಿರುತ್ತದೆ. ಇದರಲ್ಲಿ ತಪ್ಪೂ ಇಲ್ಲ, ಅವಮಾನವೂ ಇಲ್ಲ.

ಅಪ್ಪ ಅಮ್ಮ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದವರಿಗೆ ಮಾತ್ರ ದೊಡ್ಡ ತೊಂದರೆ. ಸಮುದಾಯದ ಎಲ್ಲರಿಗೂ ಅಲ್ಲ. ಸೂಡೋಕೋಲಿನೆಸ್ಟರೇಸ್ ಅನ್ನುವ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬೇರೆ ಔಷಧಿಗಳೂ ಇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ "ಎಚ್ಚರ ಆಗುವುದು ತಡವಾಯಿತು, ಐಸಿಯುನಲ್ಲಿ ಇಟ್ಟಿದ್ದರು" ಅನ್ನುವ ಕಥೆ ಇದ್ದರೆ, ಯಾವ ಸಮುದಾಯದವರೇ ಆಗಿರಿ, ಕೇಳದಿದ್ದರೂ ಹೇಳಿ.

ಹುಟ್ಟಿದ ಮಗುವಿಗೆ ಜಿ6ಪಿಡಿ ಕೊರತೆ ಅಂತ ರಿಪೋರ್ಟ್ ಬಂದಿದೆ. ಏನು ಎಚ್ಚರ ಬೇಕು?

ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಎನ್‌ಜೈಮ್ ಕಡಿಮೆ ಇದೆ ಅಂತ ಅರ್ಥ. ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಸೋಂಕು ಬಂದಾಗ ಅಥವಾ ಕೆಲವು ಔಷಧಿ ತಾಗಿದಾಗ ರಕ್ತಕಣಗಳು ಒಡೆಯುತ್ತವೆ. ಮಲೇರಿಯಾದ ಪ್ರೈಮಾಕ್ವಿನ್ ಮುಖ್ಯವಾದದ್ದು. ಆ ಮಾತ್ರೆಯಿಂದ ಕೆಲವರಿಗೆ ಮಾತ್ರ ರಕ್ತ ಯಾಕೆ ಒಡೆಯುತ್ತದೆ ಅಂತ ಹುಡುಕುತ್ತಲೇ 1956ರಲ್ಲಿ ಈ ಕೊರತೆ ಪತ್ತೆಯಾದದ್ದು. ವೈವಾಕ್ಸ್ ಮಲೇರಿಯಾಕ್ಕೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಮಂಗಳೂರಿನ ಕಡೆ ನೆಂಟರಿದ್ದು ಹೋಗಿ ಬರುವವರು ಇದನ್ನು ನೆನಪಿಡಿ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲಿ ಜಾಸ್ತಿ.

ಮನೆಯಲ್ಲಿ ಒಂದು ಕೆಲಸ ಇವತ್ತೇ ಮಾಡಿ. ಬೀರುವಿನ ಬಟ್ಟೆ ಮಧ್ಯೆ ಇಟ್ಟ ನುಸಿಗುಳಿಗೆ ತೆಗೆದುಹಾಕಿ. ಅದರಲ್ಲಿರುವ ನ್ಯಾಫ್ತಲೀನ್ ಈ ಮಕ್ಕಳಿಗೆ ಆಗುವುದಿಲ್ಲ. ಅಜ್ಜಿಯ ಹಳೇ ರೇಷ್ಮೆ ಸೀರೆಯಲ್ಲಿ ಮಗುವನ್ನು ಸುತ್ತುವ ಮುಂಚೆ ಚೆನ್ನಾಗಿ ಒಗೆದು ಗಾಳಿಗೆ ಹಾಕಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಗು ಬಿಳಿಚಿಕೊಂಡರೆ, ಹಳದಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಮಾತ್ರೆಯಿಂದ ಚರ್ಮ ಸುಲಿದುಹೋಗುತ್ತದೆ ಅಂತ ಕೇಳಿದೆ. ಹೆದರಿಕೆ ಆಗುತ್ತಿದೆ.

ಅಪರೂಪ. ಆದರೆ ಗಂಭೀರ. ಕಾರ್ಬಮಜೆಪಿನ್ ತಗೊಂಡ ಕೆಲವರಲ್ಲಿ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಬರುತ್ತದೆ. 2004ರಲ್ಲಿ ತೈವಾನಿನ ಸಂಶೋಧಕರು ಹಾಗಾದ 44 ರೋಗಿಗಳ ರಕ್ತ ನೋಡಿದರು. 44 ಜನರಲ್ಲೂ ಎಚ್‌ಎಲ್‌ಎ-ಬಿ*15:02 ಅನ್ನುವ ಒಂದೇ ಜೀನ್ ಗುರುತು ಇತ್ತು. ಇಲ್ಲಿ ಔಷಧಿ ಒಡೆಯುವ ವೇಗದ ಮಾತೇ ಇಲ್ಲ. ನಮ್ಮ ರೋಗನಿರೋಧಕ ಕಣಗಳು ಔಷಧಿಯನ್ನು ಕಂಡು ತಪ್ಪು ತಿಳಿದು, ನಮ್ಮ ಚರ್ಮದ ಮೇಲೇ ದಾಳಿ ಮಾಡುತ್ತವೆ. ಡೋಸ್ ಕಡಿಮೆ ಮಾಡಿದರೆ ಇದು ತಪ್ಪುವುದಿಲ್ಲ. ಆ ಗುರುತು ಇರುವವರಿಗೆ ಆ ಮಾತ್ರೆಯನ್ನೇ ಕೊಡಬಾರದು. ಚೀನಾ, ಥಾಯ್ಲೆಂಡ್ ಕಡೆಯವರಲ್ಲಿ ಈ ಗುರುತು ಜಾಸ್ತಿ, ನಮ್ಮಲ್ಲಿ ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ. ಗೌಟ್‌ಗೆ ಕೊಡುವ ಅಲೋಪ್ಯೂರಿನಾಲ್‌ಗೂ ಇಂಥದ್ದೇ ಇನ್ನೊಂದು ಗುರುತಿದೆ, ಎಚ್‌ಎಲ್‌ಎ-ಬಿ*58:01.

ಹೊಸದಾಗಿ ಶುರುಮಾಡಿದ ಮೊದಲ ಎರಡು ಮೂರು ತಿಂಗಳು ಗಮನ ಇರಲಿ. ಜ್ವರ, ಬಾಯಿಯಲ್ಲಿ ಹುಣ್ಣು, ಕೆಂಪು ಕಣ್ಣು, ಮೈಮೇಲೆ ಗುಳ್ಳೆ ಬಂದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಏನೂ ಇಲ್ಲದೆ, ಬರೀ ಹೆದರಿ ಫಿಟ್ಸ್ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ವಾಪಸ್ ಬರುತ್ತದೆ.

ಹಣ್ಣು ತಿಂದರೂ ಮಾತ್ರೆಗೆ ತೊಂದರೆಯಾ?

ಒಂದು ಹಣ್ಣಿನ ಬಗ್ಗೆ ಬೆಂಗಳೂರಿನವರು ತಿಳಿದಿರಬೇಕು. ನಮ್ಮ ದೇವನಹಳ್ಳಿ ಚಕ್ಕೋತ. ವಿದೇಶದ ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್ ಬಗ್ಗೆ ಎಚ್ಚರಿಕೆ ಇರುತ್ತದೆ, ಚಕ್ಕೋತ ಅದರ ಹತ್ತಿರದ ನೆಂಟ. ಕರುಳಿನ ಗೋಡೆಯಲ್ಲೇ ಔಷಧಿ ಒಡೆಯುವ ಸಿವೈಪಿ3ಎ4 ಎನ್‌ಜೈಮನ್ನು ತಡೆಯುವ ಅಂಶ ಅದರಲ್ಲೂ ಇದೆ. ಕಿಡ್ನಿ ಕಸಿ ಮಾಡಿಸಿಕೊಂಡು ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ತಗೊಳ್ಳುವವರು ಚಕ್ಕೋತ ಬಿಡುವುದೇ ಒಳ್ಳೆಯದು. ಬೇರೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ. ಯಾವ ಮಾತ್ರೆಯೂ ಇಲ್ಲದವರು ಉಪ್ಪು ಖಾರ ಹಚ್ಚಿಕೊಂಡು ಧಾರಾಳವಾಗಿ ತಿನ್ನಿ.

ಆಯುರ್ವೇದಕ್ಕೆ, ಮನೆಮದ್ದಿಗೆ ಸೈಡ್ ಎಫೆಕ್ಟ್ ಇಲ್ಲ ಅಲ್ವಾ?

ಲಿವರ್ ಲೇಬಲ್ ಓದುವುದಿಲ್ಲ. ಸರ್ಪಗಂಧದ ಬೇರಿನಿಂದ ಬಂದ ರೆಸರ್ಪಿನ್ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಬಿಪಿ ಔಷಧಿಯಾಗಿತ್ತು. ಕೆಲವರನ್ನು ಅದು ಖಿನ್ನತೆಗೂ ತಳ್ಳಿತು. ಗುಣ ಇದ್ದ ಕಡೆ ಅಪಾಯವೂ ಇರುತ್ತದೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ದಿನಾ ಕುಡಿದ ಕೆಲವರಲ್ಲಿ ಲಿವರ್ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕುಡಿಯುವುದಾದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಜನೌಷಧಿ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲಸವೂ ಕಡಿಮೆಯಾ?

ಬೆಲೆ ಕಡಿಮೆ ಇರುವುದು ಬ್ರ್ಯಾಂಡ್ ಮತ್ತು ಪ್ರಚಾರದ ಖರ್ಚು ಇಲ್ಲದಿರುವುದರಿಂದ. ಒಳಗಿನ ಔಷಧಿ ಅದೇ. ನಾನು, ಅಮ್ಮ ಇಬ್ಬರೂ ಬಿಪಿ ಮಾತ್ರೆ ಅಲ್ಲೇ ತರುತ್ತೇವೆ. ಫಿಟ್ಸ್, ಥೈರಾಯ್ಡ್, ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಮಾತ್ರ ಸಣ್ಣ ವ್ಯತ್ಯಾಸಕ್ಕೂ ಬೆಲೆ ಇದೆ. ಅವನ್ನು ತಿಂಗಳಿಗೊಂದು ಕಂಪನಿಯದು ಬದಲಾಯಿಸಬೇಡಿ. ಬದಲಾಯಿಸಿದರೆ ಡಾಕ್ಟರಿಗೆ ಹೇಳಿ ಟೆಸ್ಟ್ ಮಾಡಿಸಿ.

ಹಾಗಾದರೆ ಎಲ್ಲರೂ ಜೀನ್ ಟೆಸ್ಟ್ ಮಾಡಿಸಬೇಕಾ?

ಬೇಡ. ಜ್ವರದ ಮಾತ್ರೆಗೆ, ಸಾಮಾನ್ಯ ಬಿಪಿ ಮಾತ್ರೆಗೆ ಇದರ ಅಗತ್ಯ ಇಲ್ಲ. ನನ್ನ ಅಭಿಪ್ರಾಯದಲ್ಲಿ ಟೆಸ್ಟ್ ನಿಜವಾಗಿ ದುಡ್ಡಿಗೆ ತಕ್ಕದ್ದಾಗುವುದು ಕೆಲವೇ ಕಡೆ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಅಥವಾ ರಕ್ತದ ಕ್ಯಾನ್ಸರ್‌ಗೆ ಕೊಡುವ ಮರ್ಕಾಪ್ಟೊಪ್ಯೂರಿನ್ ಶುರುಮಾಡುವ ಮುಂಚೆ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಅನ್ನುವ ಜೀನ್‌ಗಳು. ಇವುಗಳಲ್ಲಿ ದೋಷ ಇದ್ದರೆ ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಎರಡನೆಯದರ ದೋಷ ಏಷ್ಯಾದವರಲ್ಲೇ ಹೆಚ್ಚು, ಹಾಗಾಗಿ ಬರೀ ಟಿಪಿಎಂಟಿ ನೋಡಿ ಸುಮ್ಮನಾಗಬಾರದು. ಕ್ಯಾನ್ಸರ್‌ಗೆ 5-ಎಫ್‌ಯು ಅಥವಾ ಕೆಪೆಸಿಟಬಿನ್ ಕೊಡುವ ಮುಂಚೆ ಡಿಪಿವೈಡಿ. ಕಾರ್ಬಮಜೆಪಿನ್‌ಗೆ ಮುಂಚೆ ಎಚ್‌ಎಲ್‌ಎ. ಸ್ಟೆಂಟ್ ಹಾಕಿಸಿಕೊಂಡು, ಮಾತ್ರೆ ತಪ್ಪದೆ ತಗೊಂಡರೂ ಮತ್ತೆ ಹೆಪ್ಪುಗಟ್ಟಿದರೆ ಸಿವೈಪಿ2ಸಿ19.

ಬೆಂಗಳೂರಿನಲ್ಲಿ ಇಂಥ ಟೆಸ್ಟ್ ಮಾಡುವ ಲ್ಯಾಬ್‌ಗಳು ಹಲವು ಇವೆ. ಸ್ವಲ್ಪ ರಕ್ತ ಅಥವಾ ಕೆನ್ನೆಯ ಒಳಗಿನ ಎಂಜಲು ಸಾಕು. ಒಮ್ಮೆ ಮಾಡಿಸಿದರೆ ಜೀವನಪೂರ್ತಿ ಅದೇ ರಿಪೋರ್ಟ್, ಜೀನ್ ಬದಲಾಗುವುದಿಲ್ಲ. ಲಿವರ್ ಕಸಿಯಾದವರದು ಮಾತ್ರ ಬೇರೆ. ಅವರಲ್ಲಿ ಔಷಧಿ ಒಡೆಯುವುದು ದಾನಿಯ ಲಿವರ್, ದಾನಿಯ ಜೀನ್. ನೂರು ಜೀನ್ ನೋಡಿ "ನಿಮಗೆ ಸರಿಹೊಂದುವ ಔಷಧಿ ಪಟ್ಟಿ" ಕೊಡುತ್ತೇವೆ ಅನ್ನುವ ಪ್ಯಾಕೇಜ್‌ಗಳಿಗೆ ದುಡ್ಡು ಸುರಿಯುವ ಮುಂಚೆ, ಈ ಫಲಿತಾಂಶದಿಂದ ನನ್ನ ಚೀಟಿಯಲ್ಲಿ ಏನು ಬದಲಾಗುತ್ತದೆ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಈ ಸಂಶೋಧನೆ ಎಲ್ಲ ಹೊರದೇಶದವರ ಮೇಲೆ ಆಗಿದೆ. ನಮ್ಮವರದ್ದು ಯಾರು ನೋಡುತ್ತಾರೆ?

ಈ ಕೊರತೆ ನಿಜ. ಅದನ್ನು ತುಂಬುವ ಒಂದು ದೊಡ್ಡ ಕೆಲಸ ನಮ್ಮ ಊರಿಂದಲೇ ನಡೆದಿದೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ 20 ಸಂಸ್ಥೆಗಳು ಸೇರಿ 10,000 ಭಾರತೀಯರ ಪೂರ್ತಿ ಜೀನೋಮ್, ಅಂದರೆ ಇಡೀ ಜೀನ್ ಬರಹ, ಓದಿದವು. ಅದನ್ನು ಮುನ್ನಡೆಸಿದ್ದು ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಆ ಕೇಂದ್ರ ಸ್ಯಾಂಕಿ ಕೆರೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಆ ಗೇಟಿನ ಮುಂದೆ ಹಾದುಹೋಗುವಾಗೆಲ್ಲ ನನಗೆ ಖುಷಿಯಾಗುತ್ತದೆ.

"ಆಗಿಬರಲ್ಲ" ಅಂತ ಡಾಕ್ಟರಿಗೆ ಹೇಗೆ ಹೇಳಬೇಕು?

ನಮ್ಮ ಅಪ್ಪನಿಗೆ 20 ವರ್ಷದ ಹಿಂದೆ ಒಂದು ನರ್ಸಿಂಗ್ ಹೋಮ್‌ನಲ್ಲಿ ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ದದ್ದು, ಉಸಿರು ಕಟ್ಟಿತು. ಬದುಕಿಕೊಂಡರು. ಆದರೆ ಯಾವ ಇಂಜೆಕ್ಷನ್ ಅಂತ ಅವರು ಬರೆದು ಕೊಡಲಿಲ್ಲ, ನಾವೂ ಕೇಳಲಿಲ್ಲ. ಇವತ್ತಿಗೂ ಅಪ್ಪನಿಗೆ ಸೋಂಕು ಬಂದರೆ ಡಾಕ್ಟರು ಒಂದು ಇಡೀ ಆಂಟಿಬಯಾಟಿಕ್ ಗುಂಪನ್ನೇ ಪಕ್ಕಕ್ಕಿಡುತ್ತಾರೆ. ಅದರಲ್ಲಿ ಅವರಿಗೆ ಆಗಿಬರುವ ಒಳ್ಳೆಯ ಔಷಧಿಯೂ ಇರಬಹುದು.

ಆದ್ದರಿಂದ ಬರೆದಿಡಿ. ಔಷಧಿಯ ಹೆಸರು, ಅಂದರೆ ಬ್ರ್ಯಾಂಡ್ ಕೆಳಗಿರುವ ಸಣ್ಣ ಅಕ್ಷರದ ಹೆಸರು. ಯಾವಾಗ ತಗೊಂಡಿರಿ, ಎಷ್ಟನೇ ಡೋಸ್‌ಗೆ ತೊಂದರೆ ಶುರುವಾಯಿತು, ಏನಾಯಿತು. ವಾಕರಿಕೆ, ಹೊಟ್ಟೆ ಉರಿ ಒಂದು ಥರ. ದದ್ದು, ತುಟಿ ಊತ, ಉಸಿರು ಕಟ್ಟುವುದು ಬೇರೆಯೇ ಥರ. ಎಲ್ಲವನ್ನೂ ಅಲರ್ಜಿ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಡಾಕ್ಟರಿಗೆ ದಾರಿ ತಿಳಿಯುವುದಿಲ್ಲ. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ಯಾವುದಾದರೂ ಔಷಧಿಯಿಂದ ದೊಡ್ಡ ತೊಂದರೆ ಆಗಿದ್ದರೆ ಅದನ್ನೂ ಬರೆಯಿರಿ. ದುಡ್ಡಿಲ್ಲದೆ ಆಗುವ ಜೀನ್ ಟೆಸ್ಟ್ ಅದೊಂದೇ. ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ, ಪರ್ಸಿನಲ್ಲಿ ಒಂದು ಚೀಟಿಯೂ ಇರಲಿ. ಆಕ್ಸಿಡೆಂಟ್ ಆದಾಗ ಫೋನ್ ಲಾಕ್ ತೆಗೆಯುವವರು ಯಾರು?

ಸೈಡ್ ಎಫೆಕ್ಟ್ ಆದರೆ ಎಲ್ಲಿ ತಿಳಿಸಬಹುದು?

ಮೊದಲು ನಿಮ್ಮ ಡಾಕ್ಟರಿಗೆ. ಆಮೇಲೆ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ. 2010ರಿಂದ ನಡೆಯುತ್ತಿದೆ. ಉಚಿತ ಸಹಾಯವಾಣಿ 1800-180-3024. ರೋಗಿಗಳು, ಮನೆಯವರು ನೇರವಾಗಿ ಹೇಳಬಹುದು. ಬೆಂಗಳೂರಿನ ಮೆಡಿಕಲ್ ಕಾಲೇಜುಗಳ ಔಷಧಶಾಸ್ತ್ರ ವಿಭಾಗಗಳಲ್ಲೂ ಇದರ ಕೇಂದ್ರಗಳಿವೆ. ಫೋನ್ ಮಾಡುವಾಗ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಅದರ ಮೇಲಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಕೇಳುತ್ತಾರೆ. ಹಾಗಾಗಿ ಮಾತ್ರೆ ಕತ್ತರಿಸಿಕೊಳ್ಳುವಾಗ ನಂಬರ್ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.